ಪ್ರೆಶರ್ ಮುಟ್ಟುವ ಮೊದಲು ದಿಂಬು ನೋಡಿ: ಮಲೆನಾಡಿನ ಮನೆಯಲ್ಲಿ ಸಿಪ್ಯಾಪ್

ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ಕಟ್ಟದಂತೆ ಮಾಸ್ಕಿನ ಮೂಲಕ ಗಾಳಿ ಒತ್ತುವ ಸಿಪ್ಯಾಪ್ ಮೆಷಿನ್ ಮನೆಗೆ ಬಂದು ತಿಂಗಳಾಯಿತು. ಗೊರಕೆ ನಿಂತಿದೆ, ಆದರೆ ಬೆಳಿಗ್ಗೆಯ ತಲೆಭಾರ ಹೋಗಿಲ್ಲ, ಮಧ್ಯಾಹ್ನ ಕೂತಲ್ಲೇ ತೂಕಡಿಕೆ. ಇಂಥ ಕಡೆ ಮೆಷಿನ್ನಿನ ಪ್ರೆಶರ್ ಎಷ್ಟಿದೆ ಎಂದು ನೋಡಿದರೆ ಬಹಳ ಸಲ ಕಾಣುವುದು 4–20. ಅಂದರೆ 4 ಸೆಂ.ಮೀ. ನೀರಿನ ಒತ್ತಡದಿಂದ ಶುರುಮಾಡಿ, ಬೇಕೆನಿಸಿದರೆ 20ರವರೆಗೆ ಮೆಷಿನ್ನೇ ಏರಿಸಿಕೊಳ್ಳಲಿ ಎಂದು. ಆಟೋ ಮೆಷಿನ್ನುಗಳು ಪೆಟ್ಟಿಗೆಯಿಂದ ಹೊರಬರುವುದೇ ಹೀಗೆ. ಯಾರೂ ಇನ್ನೂ ಕೈಯಿಟ್ಟಿಲ್ಲ ಎಂಬುದಷ್ಟೇ ಆ ಅಂಕಿಯ ಅರ್ಥ. ಹಾಗೆಂದು ಗಡಿಬಿಡಿಯಲ್ಲಿ ಪ್ರೆಶರ್ ಏರಿಸಲು ಹೋಗಬೇಡಿ. ಲೀಕ್, ದಿಂಬು, ತೇವ ಇವು ಮೂರೂ ಸರಿಯಾಗುವವರೆಗೆ ಪ್ರೆಶರ್ ಅಂಕಿ ನಿಮಗೆ ನಿಜ ಹೇಳುವುದಿಲ್ಲ.

ಮೆಷಿನ್ ಬರೆದಿಟ್ಟ ರಾತ್ರಿಯ ಲೆಕ್ಕ ನೋಡಲು ಅದರ ಪಕ್ಕದ ಕಿಂಡಿಯಲ್ಲಿರುವ ಎಸ್‌ಡಿ ಕಾರ್ಡ್ ಬೇಕು. ಕಂಪ್ಯೂಟರಿಗೆ ಹಾಕುವ ಮೊದಲು ಕಾರ್ಡಿನ ಅಂಚಿನ ಪುಟ್ಟ ಲಾಕ್ ಗುಂಡಿಯನ್ನು ಕೆಳಕ್ಕೆ ಸರಿಸಿ. ಇಲ್ಲದಿದ್ದರೆ ಕಂಪ್ಯೂಟರ್ ತನ್ನ ಫೈಲುಗಳನ್ನು ಅದರಲ್ಲಿ ಬರೆದು, ವಾಪಸು ಹಾಕಿದಾಗ ಮೆಷಿನ್ ಕಾರ್ಡ್ ಓದಲು ತಕರಾರು ಮಾಡಬಹುದು. ಮೆಷಿನ್ನಿಗೆ ಹಾಕುವಾಗ ಗುಂಡಿ ಮತ್ತೆ ಮೇಲಕ್ಕೆ. ಆಸ್ಕರ್ ಎಂಬ ಉಚಿತ ಸಾಫ್ಟ್‌ವೇರ್ ಈ ದಾಖಲೆಯನ್ನು ರಾತ್ರಿಯ ನಿಮಿಷ ನಿಮಿಷಕ್ಕೆ ಬಿಡಿಸಿ ತೋರಿಸುತ್ತದೆ. ಅದರಲ್ಲಿ ನೋಡಬೇಕಾದ್ದು ನಾಲ್ಕು: ಎಎಚ್‌ಐ, ಲೀಕ್, ಪ್ರೆಶರಿನ ಮೀಡಿಯನ್ (ಅರ್ಧ ಹೊತ್ತು ಪ್ರೆಶರ್ ಇದನ್ನು ದಾಟಿಲ್ಲ) ಮತ್ತು 95 ಪರ್ಸೆಂಟೈಲ್ (ನೂರರಲ್ಲಿ 95 ಪಾಲು ಹೊತ್ತು ಇದನ್ನು ದಾಟಿಲ್ಲ), ಆಮೇಲೆ ಸಿಎ ಎಂದು ಗುರುತು ಹಾಕಿದ, ಗಂಟಲು ತೆರೆದಿದ್ದರೂ ಉಸಿರು ನಿಂತ ಘಟನೆಗಳು. 10 ಸೆಕೆಂಡ್ ಅಥವಾ ಹೆಚ್ಚು ಹೊತ್ತು ಉಸಿರು ನಿಂತರೆ, ಇಲ್ಲವೇ ಗಣನೀಯವಾಗಿ ಕುಗ್ಗಿದರೆ ಒಂದು ಘಟನೆ. ಗಂಟೆಗೆ ಇಂಥವು ಸರಾಸರಿ ಎಷ್ಟು ಎಂಬುದೇ ಎಎಚ್‌ಐ. ಚಿಕಿತ್ಸೆಯಲ್ಲಿ ಅದು 5ರ ಕೆಳಗಿರಬೇಕು. ಒಂದು ರಾತ್ರಿಯ ಅಂಕಿ ನೋಡಿ ಏನೂ ತೀರ್ಮಾನಿಸಬಾರದು. ಕನಿಷ್ಠ ಒಂದು ವಾರದ್ದು ನೋಡಿ.

ಲೀಕ್ ಮೊದಲು. ಮಾಸ್ಕಿನ ತೂತುಗಳಿಂದ ಬೇಕೆಂದೇ ಹೋಗುವ ಗಾಳಿ ಬೇರೆ, ಅಂಚಿನಿಂದ ಸೋರುವುದು ಬೇರೆ. ರೆಸ್‌ಮೆಡ್ ಮೆಷಿನ್ನುಗಳು ಸೋರಿಕೆಯನ್ನಷ್ಟೇ ತೋರಿಸುತ್ತವೆ, ಅಲ್ಲಿ ನಿಮಿಷಕ್ಕೆ 24 ಲೀಟರ್ ಮಿತಿ. ಬೇರೆ ಕೆಲವು ಕಂಪನಿಯವು ಎರಡನ್ನೂ ಕೂಡಿಸಿ ತೋರಿಸುವುದರಿಂದ ಅಂಕಿ ದೊಡ್ಡದಾಗಿ ಕಾಣುತ್ತದೆ, ಹೆದರಬೇಕಿಲ್ಲ. ಸೋರುತ್ತಿದ್ದರೆ ಎಲ್ಲರೂ ಮಾಡುವುದು ಪಟ್ಟಿ ಬಿಗಿಯುವುದು, ಅದರಿಂದಲೇ ಸೋರಿಕೆ ಹೆಚ್ಚುತ್ತದೆ. ಸಿಲಿಕೋನ್ ಕುಶನ್ನಿನ ತೆಳು ತುಟಿ ಗಾಳಿ ತುಂಬಿಕೊಂಡು ಮುಖಕ್ಕೆ ಅಂಟಬೇಕು. ಬಿಗಿದರೆ ಅದು ಮಡಚಿಕೊಳ್ಳುತ್ತದೆ. ಮಲಗಿಕೊಂಡು, ಮೆಷಿನ್ ಚಾಲು ಮಾಡಿ, ಗಾಳಿ ಬರುತ್ತಿರುವಾಗ ಮಾಸ್ಕನ್ನು ಮುಖದಿಂದ ಒಂದು ಬೆರಳಿನಷ್ಟು ಎತ್ತಿ ಬಿಡಿ, ಕುಶನ್ ತಾನೇ ಜಾಗ ಹಿಡಿಯುತ್ತದೆ. ಆಮೇಲೆ ಸೋರುವ ಕಡೆಯ ಪಟ್ಟಿ ಮಾತ್ರ ಒಂಚೂರು. ಇನ್ನೊಂದು ನಮ್ಮ ಕಡೆಯದೇ ಕಾರಣ: ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ, ಕೆನ್ನೆಗೂ ಅದೇ ಕೈ. ಎಣ್ಣೆಯ ಮೇಲೆ ಸಿಲಿಕೋನ್ ಜಾರುತ್ತದೆ, ದಿನಾ ತಾಗಿದರೆ ಕುಶನ್ನೂ ಬೇಗ ಹಾಳು. ಎಣ್ಣೆ ಬೆಳಿಗ್ಗೆ ಹಚ್ಚಿ. ರಾತ್ರಿ ಮುಖ ಸೋಪಿನಲ್ಲಿ ತೊಳೆದು ಮಲಗಿ. ಮೆಷಿನ್ನಿನ ಮೆನುವಿನಲ್ಲಿ ಮಾಸ್ಕ್ ಯಾವುದು ಎಂಬ ಆಯ್ಕೆಯೂ ಸರಿಯಿರಲಿ. ಮೂಗಿನ ಮಾಸ್ಕ್ ಹಾಕಿಕೊಂಡು ಅಲ್ಲಿ ಫುಲ್ ಫೇಸ್ ಎಂದಿದ್ದರೆ ಲೆಕ್ಕವೇ ತಪ್ಪುತ್ತದೆ.

ಇನ್ನು ದಿಂಬು. ಮಲೆನಾಡಿನ ಮನೆಗಳ ಬೂರುಗದ ಹತ್ತಿಯ ದಿಂಬು ತುಂಬಿದ ಹೊಸತರಲ್ಲಿ ಗುಂಡಗೆ, ಎತ್ತರಕ್ಕೆ ಇರುತ್ತದೆ. ಅಂಗಾತ ಮಲಗಿದರೆ ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ಒತ್ತುತ್ತದೆ, ಗಂಟಲಿನ ದಾರಿ ತೋಟದ ಪೈಪ್ ಮಡಚಿದ ಹಾಗೆ ಮುಚ್ಚುತ್ತದೆ. ಆಸ್ಕರಿನ ಗ್ರಾಫಿನಲ್ಲಿ ಒಂದೊಂದು ಘಟನೆಗೂ ಒಂದೊಂದು ಗೀಟು, ದಿಂಬಿನ ತೊಂದರೆಯ ಗುರುತು ಹೀಗಿರುತ್ತದೆ: ಹನ್ನೊಂದರಿಂದ ಎರಡೂವರೆವರೆಗೆ ಒಂದೂ ಗೀಟಿಲ್ಲ, ಎರಡೂಮುಕ್ಕಾಲರಿಂದ ಮೂರೂಕಾಲರವರೆಗೆ ಗೀಟುಗಳ ಗುಂಪು, ಬೇಲಿ ಗೂಟ ನೆಟ್ಟಂತೆ ಒತ್ತೊತ್ತಾಗಿ, ಮತ್ತೆ ಬೆಳಗಿನವರೆಗೆ ಖಾಲಿ. ಆ ಅರ್ಧ ಗಂಟೆಯಲ್ಲಿ ಮೆಷಿನ್ ಪ್ರೆಶರ್ ಏರಿಸುತ್ತಲೇ ಹೋಗಿರುತ್ತದೆ, ಘಟನೆಗಳು ಮಾತ್ರ ನಿಂತಿರುವುದಿಲ್ಲ. ಮಡಚಿದ ಪೈಪಿಗೆ ಎಷ್ಟು ನೀರು ಒತ್ತಿದರೂ ಅಷ್ಟೇ. ತೆಳು ದಿಂಬು ಹಾಕಿ, ಮಗ್ಗುಲಲ್ಲಿ ಮಲಗಿ, ಅಗತ್ಯ ಬಿದ್ದರೆ ಮೆತ್ತನೆಯ ಕುತ್ತಿಗೆ ಪಟ್ಟಿ ಕಟ್ಟಿ. ಕನಸು ಬೀಳುವ ನಿದ್ದೆಯಲ್ಲೂ ಘಟನೆಗಳು ಗುಂಪಾಗುವುದುಂಟು, ಆದರೆ ದಿಂಬು ಬದಲಿಸಿ ನೋಡಲು ಖರ್ಚೇನಿಲ್ಲವಲ್ಲ.

ತೇವದ ಮಾತು ಮುಂದೆ ಇದೆ. ಇವೆಲ್ಲ ಸರಿಯಾದ ಮೇಲೆ ಪ್ರೆಶರ್. ಉದಾಹರಣೆಗೆ ಒಂದು ವಾರದ ಮೀಡಿಯನ್ 8.4, 95 ಪರ್ಸೆಂಟೈಲ್ 11.2, ಎಎಚ್‌ಐ 7, ಅದರಲ್ಲಿ ಸಿಎ 0.5 ಎಂದಿಟ್ಟುಕೊಳ್ಳಿ. ಗಂಟಲು ತೆರೆದಿಡಲು 8ರ ಸುತ್ತ ಬೇಕಾಗಿರುವಾಗ ಮೆಷಿನ್ 4ರಲ್ಲಿ ಕೂತಿದೆ. ಉಸಿರು ಕಟ್ಟಿದ ಮೇಲೆ ಎದ್ದು ಓಡುತ್ತದೆ, ತಲುಪುವಷ್ಟರಲ್ಲಿ ಘಟನೆ ಮುಗಿದಿರುತ್ತದೆ, ನಿದ್ದೆ ಕೆಟ್ಟಿರುತ್ತದೆ. ಇಲ್ಲಿ ಬದಲಾಗಬೇಕಾದ್ದು ಕನಿಷ್ಠ ಪ್ರೆಶರ್. ಮೊದಲು 6, ಆಮೇಲೆ 7, ಹೀಗೆ ಒಂದೊಂದೇ ಹೆಜ್ಜೆ, ಪ್ರತಿ ಹೆಜ್ಜೆಗೆ ಐದರಿಂದ ಏಳು ರಾತ್ರಿ. ಗರಿಷ್ಠವನ್ನು 13ರ ಹತ್ತಿರ ನಿಲ್ಲಿಸಿದರೆ ಲೀಕ್ ಆದಾಗ ಸುಮ್ಮನೆ 18ಕ್ಕೆ ಹಾರುವುದು ತಪ್ಪುತ್ತದೆ. ಏರ್‌ಸೆನ್ಸ್ 10 ಎಂಬ ರೆಸ್‌ಮೆಡ್ ಮೆಷಿನ್ನಿನಲ್ಲಿ ಹೋಮ್ ಬಟನ್ ಮತ್ತು ತಿರುಗಣೆ ಎರಡನ್ನೂ ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿದರೆ ಕ್ಲಿನಿಕಲ್ ಮೆನು ತೆರೆಯುತ್ತದೆ. ಅದು ವೈದ್ಯರಿಗೂ ತಂತ್ರಜ್ಞರಿಗೂ ಇರುವ ಬಾಗಿಲು. ಗ್ರಾಫಿನ ಚಿತ್ರಗಳನ್ನು ವೈದ್ಯರಿಗೆ ಮೊಬೈಲಿನಲ್ಲೇ ಕಳಿಸಿ, ಅವರು ಹ್ಞೂಂ ಎಂದ ಮೇಲೆ ಒಳಗೆ ಹೋಗಿ. ಹಳೆಯ ಅಂಕಿಗಳನ್ನು ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.

ಉಸಿರು ಬಿಡುವಾಗ ಒತ್ತಡ ಇಳಿಸುವ ಇಪಿಆರ್ ಬಗ್ಗೆ ಗೊಂದಲ ಜಾಸ್ತಿ. 1, 2, 3 ಎಂದರೆ ಅಷ್ಟು ಸೆಂ.ಮೀ. ಕಡಿತ. ಆದರೆ 4ಕ್ಕಿಂತ ಕೆಳಗೆ ಅದು ಇಳಿಯುವುದಿಲ್ಲ, ಆದ್ದರಿಂದ ಕನಿಷ್ಠ 4 ಇಟ್ಟು ಇಪಿಆರ್ 3 ಹಾಕಿದರೆ ರಾತ್ರಿಯ ಶುರುವಿನಲ್ಲಿ ಪ್ರಯೋಜನ ಸೊನ್ನೆ. 8 ಇಟ್ಟು 3 ಹಾಕಿದರೆ ಉಸಿರು ಬಿಡುವಾಗ ಗಂಟಲಿಗೆ ಸಿಗುವುದು 5. ಹಿತವಾಗಿರುತ್ತದೆ, ಆದರೆ ಘಟನೆಗಳು ಹೆಚ್ಚಿದರೆ ಕನಿಷ್ಠವನ್ನು ಒಂದೆರಡು ಏರಿಸಬೇಕು ಅಥವಾ ಇಪಿಆರ್ ಇಳಿಸಬೇಕು. ಎರಡನ್ನೂ ಒಂದೇ ರಾತ್ರಿ ಬದಲಿಸಿದರೆ ಯಾವುದರಿಂದ ಏನಾಯಿತೆಂದು ದೇವರಿಗೇ ಗೊತ್ತು. ರ‍್ಯಾಂಪ್ (ಶುರುವಿನಲ್ಲಿ ಕಡಿಮೆ ಒತ್ತಡದಿಂದ ನಿಧಾನಕ್ಕೆ ಏರಿಸುವ ವ್ಯವಸ್ಥೆ) ಕೂಡ ಹಾಗೆಯೇ. ಮಾಸ್ಕ್ ಹಾಕಿದ ಕೂಡಲೇ ಉಸಿರು ಕಟ್ಟಿದಂತಾದರೆ ಗಾಳಿ ಜಾಸ್ತಿಯಾಯಿತು ಎಂದುಕೊಳ್ಳುತ್ತಾರೆ. ಸಾಮಾನ್ಯವಾಗಿ 4 ಸಾಕಾಗದೆ ಹಾಗನಿಸುವುದು. ಶುರುವನ್ನು 5 ಅಥವಾ 6 ಮಾಡಿ.

ಏರಿಸಿದಂತೆಲ್ಲ ಸಿಎ ಹೆಚ್ಚುತ್ತಿದ್ದರೆ ಅಲ್ಲೇ ನಿಲ್ಲಿಸಿ. ಅದು ಗಂಟಲು ಮುಚ್ಚಿದ್ದಲ್ಲ, ಉಸಿರಾಡು ಎಂಬ ಸೂಚನೆಯೇ ಮಿದುಳಿನಿಂದ ಬಾರದೆ ಇದ್ದದ್ದು, ಪ್ರೆಶರ್ ಅದಕ್ಕೆ ಮದ್ದಲ್ಲ. ಹೊಸತರಲ್ಲಿ ಒಂದಷ್ಟು ಕಂಡು ಕೆಲವು ವಾರಗಳಲ್ಲಿ ತಾನೇ ಕಡಿಮೆಯಾಗುವುದುಂಟು. ಹೃದಯ ವೈಫಲ್ಯ ಇರುವವರು, ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರು, ಮಾರ್ಫಿನ್ ಜಾತಿಯ ನೋವಿನ ಮಾತ್ರೆ ತೆಗೆದುಕೊಳ್ಳುವವರು ಯಾವ ಅಂಕಿಯನ್ನೂ ತಾವಾಗಿ ಮುಟ್ಟಬಾರದು. ಬೆಳಿಗ್ಗೆ ಹೊಟ್ಟೆ ಉಬ್ಬರಿಸಿ ತೇಗು ಬರುತ್ತಿದ್ದರೆ ಗಾಳಿ ಅನ್ನನಾಳಕ್ಕೆ ಹೋಗುತ್ತಿದೆ. ಗರಿಷ್ಠ ಇಳಿಸುವುದು, ಇಪಿಆರ್ ಏರಿಸುವುದು ಇವುಗಳಲ್ಲಿ ಒಂದನ್ನು ಮೊದಲು ನೋಡಬೇಕು.

ಕಂಪನಿಯ ಪುಸ್ತಕಕ್ಕೆ ನಮ್ಮ ಮಳೆಗಾಲ ಗೊತ್ತಿಲ್ಲ. ತೊಟ್ಟಿಯ ನೀರು ಬಿಸಿ ಮಾಡಿ ಗಾಳಿಗೆ ತೇವ ಬೆರೆಸುವ ಹ್ಯೂಮಿಡಿಟಿ 4, ಟ್ಯೂಬ್ 27 ಡಿಗ್ರಿ ಎಂದು ವರ್ಷವಿಡೀ ಇಟ್ಟರೆ ಆರ್ದ್ರಾ, ಪುನರ್ವಸು ಮಳೆಯ ರಾತ್ರಿ ಮೂಗಿಗೇ ನೀರು ತೊಟ್ಟಿಕ್ಕುತ್ತದೆ. ಟ್ಯೂಬಿನಲ್ಲಿ ಗೊಳಗೊಳ ಸದ್ದು ಕೇಳಿ ಮೆಷಿನ್ ಕೆಟ್ಟಿತೆಂದು ಶಿವಮೊಗ್ಗಕ್ಕೆ ಹೊತ್ತು ತರುವವರಿದ್ದಾರೆ. ಕೆಟ್ಟಿರುವುದಿಲ್ಲ. ತೇವ ತುಂಬಿದ 27 ಡಿಗ್ರಿಯ ಗಾಳಿ ಘನ ಮೀಟರಿಗೆ ಸುಮಾರು 26 ಗ್ರಾಂ ನೀರಾವಿ ಹಿಡಿಯುತ್ತದೆ, 18 ಡಿಗ್ರಿಗೆ ತಣಿದರೆ 15 ಗ್ರಾಂ ಮಾತ್ರ. ಉಳಿದದ್ದು ಟ್ಯೂಬಿನ ಗೋಡೆಗೆ ಹನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ, ಹ್ಯೂಮಿಡಿಟಿ 1 ಅಥವಾ 2 ಸಾಕು. ಡಿಸೆಂಬರ್, ಜನವರಿಯಲ್ಲಿ ಹಂಚಿನ ಮನೆಯ ಚಳಿಗೆ ಮೂಗು ಒಣಗುತ್ತದೆ, 4–5 ಬೇಕು, ಆದರೆ ಬಿಸಿ ಟ್ಯೂಬ್ ಇಲ್ಲದಿದ್ದರೆ ಟ್ಯೂಬಿಗೆ ಹಳೆಯ ಉಲ್ಲನ್ ಶಾಲು ಸುತ್ತಿ ಅಥವಾ ಕಂಬಳಿಯೊಳಗೆ ಹಾಯಿಸಿ. ಮೆಷಿನ್ ಯಾವಾಗಲೂ ಮಂಚಕ್ಕಿಂತ ತಗ್ಗಿನಲ್ಲಿರಲಿ, ಹನಿ ಹಿಂದಕ್ಕೆ ಇಳಿಯುತ್ತದೆ.

ಅಬ್ಬಿ ನೀರು ಕುಡಿಯಲು ಸೊಗಸು, ಮೆಷಿನ್ನಿನ ತೊಟ್ಟಿಗಲ್ಲ. ಡಿಸ್ಟಿಲ್ಡ್ ನೀರೇ ಬೇಕು. ಮುಗಿದ ದಿನ ಕುದಿಸಿ ಆರಿಸಿದ್ದು ಒಂದೆರಡು ರಾತ್ರಿಗೆ ನಡೆಯುತ್ತದೆ, ಹಿಟ್ಟಿನಂತೆ ಬಿಳಿ ಕೂತರೆ ಒಂದು ಪಾಲು ವಿನೆಗರಿಗೆ ಹತ್ತು ಪಾಲು ನೀರು ಬೆರೆಸಿ ನೆನೆಸಿ ತೊಳೆಯಿರಿ. ಬೆಳಿಗ್ಗೆ ಉಳಿದ ನೀರು ಚೆಲ್ಲಿ, ತೊಟ್ಟಿ ಮಗುಚಿಡಿ. ಮಳೆಗಾಲದಲ್ಲಿ ಟ್ಯೂಬನ್ನು ಮುಚ್ಚಿದ ಬೀರುವಿನಲ್ಲಿಟ್ಟರೆ ಮೂರೇ ದಿನಕ್ಕೆ ಬೂಷ್ಟಿನ ವಾಸನೆ. ಒಳಗಿನ ಬಿಳಿ ಫಿಲ್ಟರ್ ಅಡಿಕೆ ಸುಗ್ಗಿಯಲ್ಲಿ ಎಷ್ಟು ಬೇಗ ಕಪ್ಪಾಗುತ್ತದೆ ನೋಡಿ: ಅಡಿಕೆ ಬೇಯಿಸುವ ಚೊಗರಿನ ಹಂಡೆಯ ಒಲೆ ಹೊಗೆ, ಬಚ್ಚಲೊಲೆ ಹೊಗೆ ಎಲ್ಲ ಅಲ್ಲೇ. ಆ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಬದಲಿಸಿ. ಈ ಬಿಳಿ ಫಿಲ್ಟರ್ ತೊಳೆದು ಒಣಗಿಸುವಂಥದ್ದಲ್ಲ.

ಕರೆಂಟಿನ ವಿಷಯ. ಶರಾವತಿಯಿಂದ ನಾಡಿಗೆಲ್ಲ ಬೆಳಕು ಕೊಟ್ಟ ಜಿಲ್ಲೆಯಲ್ಲಿ ಗಾಳಿ ಬೀಸಿದರೆ ರಾತ್ರಿ ಕತ್ತಲು, ಇದರ ಬಗ್ಗೆ ಹೇಳಿ ಪ್ರಯೋಜನವಿಲ್ಲ. ಸೈನ್ ವೇವ್ ಇನ್ವರ್ಟರ್ ಇರಲಿ, ಇನ್ವರ್ಟರಿನ ಹಿಂಬದಿಯ ಸ್ವಿಚ್ ಯುಪಿಎಸ್ ಕಡೆಗಿರಲಿ, ಆಗ ಕರೆಂಟ್ ಹೋದಾಗ ಮೆಷಿನ್ ನಿಂತು ಎಚ್ಚರವಾಗುವುದು ಕಡಿಮೆ. ವಿದ್ಯುತ್ ಎಳೆಯುವುದು ಮೋಟರಿಗಿಂತ ಹೀಟರ್ ಮತ್ತು ಬಿಸಿ ಟ್ಯೂಬ್. ಎರಡು ದಿನ ಲೈನ್ ಬಾರದಿದ್ದರೆ ಅವೆರಡನ್ನೂ ಆಫ್ ಮಾಡಿ, ಅದೇ ಬ್ಯಾಟರಿ ಹಲವು ಪಟ್ಟು ಹೊತ್ತು ಬರುತ್ತದೆ. ಮಳೆಗಾಲವಾದ್ದರಿಂದ ತೇವಕ್ಕೆ ಹೇಗೂ ಕೊರತೆಯಿಲ್ಲ. ಬ್ಯಾಟರಿಯೂ ಮುಗಿದರೆ ಮಾಸ್ಕ್ ತೆಗೆದೇ ಮಲಗಿ, ಮಗ್ಗುಲಲ್ಲಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಸಂಜೆ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತಿಡಿ. ಸ್ವಿಚ್ ಆಫ್ ಮಾಡಿದ್ದು ಸಿಡಿಲಿಗೆ ಲೆಕ್ಕವಿಲ್ಲ.