ಸಂತರ ಹೆಸರು, ಸಿಪಾಯಿಗಳ ಹೆಸರು

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಿಂದ ಲಾಸ್ ಏಂಜಲಿಸ್‌ಗೆ ಬೇಗ ಹೋಗಬೇಕಂದ್ರೆ ಐ-5 ಹೆದ್ದಾರಿ ಹಿಡಿಯಬೇಕು. "ಆ ದಾರೀಲಿ ನೋಡೋಕೆ ಏನೂ ಇಲ್ಲ ಅಕ್ಕಾ" ಅಂತ ನನ್ನ ತಮ್ಮ ಕಾರನ್ನು 101ನೇ ಹೆದ್ದಾರಿಗೆ ತಿರುಗಿಸಿದ. ರಸ್ತೆ ಬದಿಯಲ್ಲಿ ಬಾಗಿದ ಕಂಬಗಳಿಗೆ ಕಬ್ಬಿಣದ ಗಂಟೆಗಳು ನೇತಾಡುತ್ತವೆ. 1769ರಿಂದ 1823ರವರೆಗೆ ಸ್ಪೇನಿನ ಫ್ರಾನ್ಸಿಸ್ಕನ್ ಪಂಥದ ಪಾದ್ರಿಗಳು ಶುರುಮಾಡಿದ 21 ಮಿಷನ್‌ಗಳ, ಅಂದರೆ ಧರ್ಮಪ್ರಚಾರದ ಠಾಣೆಗಳ, ಹಳೇ ದಾರಿಗೆ ಅವೇ ಗುರುತು.

ಬೋರ್ಡುಗಳ ಮೇಲೆ ಸಂತರದ್ದೇ ದರ್ಬಾರು. 1602ರ ಡಿಸೆಂಬರ್‌ನಲ್ಲಿ ಸ್ಪೇನಿನ ನಾವಿಕ ಸೆಬಾಸ್ಟಿಯನ್ ವಿಸ್ಕೈನೊ ಹಡಗಿನಲ್ಲಿ ಬಂದಾಗ ಸಂತ ಬಾರ್ಬರಾಳ ಹಬ್ಬವಿತ್ತು, ಆ ಕಡೆಗೆ ಸಾಂಟಾ ಬಾರ್ಬರಾ ಅಂತ ಹೆಸರಾಯಿತು. ಕ್ಯಾಲೆಂಡರ್ ನೋಡಿ ಇಟ್ಟದ್ದು, ಅಷ್ಟೇ. ನನಗೆ ಸಿಪಾಯಿಗಳು ಇಟ್ಟ ಹೆಸರುಗಳೇ ಜಾಸ್ತಿ ಇಷ್ಟ.

1769ರಲ್ಲಿ ಸ್ಪೇನಿನ ಸೇನಾಧಿಕಾರಿ ಗಾಸ್ಪರ್ ಡಿ ಪೋರ್ಟೊಲಾನ ದಂಡು ಸ್ಯಾನ್ ಡಿಯಾಗೋದಿಂದ ಉತ್ತರಕ್ಕೆ ಹೊರಟಿತು. ಜೊತೆಗಿದ್ದ ಪಾದ್ರಿ ಹುವಾನ್ ಕ್ರೆಸ್ಪಿ ತಂಗಿದಲ್ಲೆಲ್ಲ ಸಂತರ ಹೆಸರು ಹಚ್ಚುತ್ತಿದ್ದ. ಸಿಪಾಯಿಗಳದ್ದು ಬೇರೆ ಲೆಕ್ಕ. ಕರಡಿಗಳು ಕಂಡ ಕಣಿವೆ ಲಾಸ್ ಓಸೋಸ್, ಅಂದರೆ ಕರಡಿಗಳು. ಮೂರು ವರ್ಷದ ಮೇಲೆ ಮಿಷನ್‌ಗಳಲ್ಲಿ ಊಟಕ್ಕೆ ತತ್ವಾರವಾದಾಗ ಬೇಟೆಗೆ ಅದೇ ಕಣಿವೆಗೆ ಓಡಿ ಬಂದರು.

ಇನ್ನೂ ದಕ್ಷಿಣಕ್ಕೆ ಬಂದರೆ ಗವಿಯೋಟಾ. ಇಕ್ಕಟ್ಟಾದ ಕಣಿವೆ ದಾಟಿದ್ದೇ ರಸ್ತೆ ಎಡಕ್ಕೆ ಹೊರಳುತ್ತದೆ, ಬಲಗಡೆ ಒಮ್ಮೆಲೇ ಸಮುದ್ರ. ಪಾದ್ರಿ ಇದಕ್ಕೆ ಸ್ಯಾನ್ ಲೂಯಿಸ್ ಅಂದ. ಸಿಪಾಯಿಗಳು ಇಲ್ಲೊಂದು ಕಡಲಹಕ್ಕಿ ಕೊಂದಿದ್ದರು. ಗವಿಯೋಟಾ ಅಂದರೆ ಆ ಕಡಲಹಕ್ಕಿಯೇ, ಹಕ್ಕಿಯ ಹೆಸರೇ ಉಳಿಯಿತು.

ನಾವು ಜಾಸ್ತಿ ಹೊತ್ತು ನಿಂತದ್ದು ಕಾರ್ಪಿಂಟೇರಿಯಾದಲ್ಲಿ. ಇಲ್ಲಿನ ಮೂಲನಿವಾಸಿ ಚುಮಾಶ್ ಜನ ದೋಣಿ ಕಟ್ಟುವುದನ್ನು ನೋಡಿ ಸಿಪಾಯಿಗಳು 'ಬಡಗಿ ಕೆಲಸದ ಜಾಗ' ಅಂದರು. ಪಾದ್ರಿ ಇಟ್ಟ ಸ್ಯಾನ್ ರೋಕೆ ಅನ್ನೋ ಹೆಸರು ಇಲ್ಲೂ ನಿಲ್ಲಲಿಲ್ಲ. ಚುಮಾಶರು ಹಲಗೆಗಳನ್ನು ನಾರಿನಿಂದ ಹೊಲಿದು, ಸಂದುಗಳಿಗೆ ಡಾಂಬರು ಮೆತ್ತುತ್ತಿದ್ದರು. ಆ ಡಾಂಬರು ಈಗಲೂ ದಂಡೆಯಲ್ಲಿ ನೆಲದೊಳಗಿಂದ ಜಿನುಗುತ್ತದೆ. ಬಿಸಿಲಿಗೆ ಮೆತ್ತಗಾಗಿ, ಮಿರಿಮಿರಿ ಮಿಂಚುತ್ತಾ, ಎಷ್ಟು ನಿಧಾನ ಅಂದರೆ ನಿಂತು ನೋಡಿದರೂ ಹರಿಯುವುದು ತಿಳಿಯುವುದಿಲ್ಲ. ಹೊಸ ರಸ್ತೆಯ ವಾಸನೆ. ಚಪ್ಪಲಿಗೆ ಅಂಟಿದರೆ ನೀರಿಗೆ ಜಗ್ಗುವುದಿಲ್ಲ, ಎಣ್ಣೆ ಹಚ್ಚಿ ಉಜ್ಜಬೇಕು.

ಅಲ್ಲಿದ್ದ ಚುಮಾಶ್ ಊರಿನ ಹೆಸರು ಮಿಶೋಪ್ಶ್ನೊ. ಹೆದ್ದಾರಿ ಬೋರ್ಡಿನಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಆದರೆ ಬರುವಾಗ ಕಾಫಿಗೆ ನಿಂತಿದ್ದ ಪಿಸ್ಮೊ ಬೀಚ್ ಇದೆಯಲ್ಲ, ಆ ಹೆಸರು ಕೇಳಿದರೆ ಸ್ಪ್ಯಾನಿಶ್ ಅನಿಸುತ್ತೆ, ಅಲ್ವಾ? ಅದು ಅಪ್ಪಟ ಚುಮಾಶ್. ಪಿಸ್ಮು ಅಂದರೆ ಇದೇ ಡಾಂಬರು.