ಮೇಲೆ ಹಸಿರು, ತಳದಲ್ಲಿ ಬ್ರೇಕ್ ಆಯಿಲ್

ಹೋದ ವರ್ಷ ಆಷಾಢದಲ್ಲಿ ವಿಲ್ಸನ್ ಗಾರ್ಡನ್‌ನ ನಮ್ಮ ವರ್ಕ್‌ಶಾಪಿಗೆ ಟೋಯಿಂಗ್ ಗಾಡಿಯ ಮೇಲೆ ಒಂದು ಸಿಟ್ರೊಯೆನ್ ಡಿಎಸ್ ಬಂತು. 1971ರ ಫ್ರೆಂಚ್ ಕಾರು. ಹೊಟ್ಟೆ ನೆಲಕ್ಕೆ ತಾಗುತ್ತೇನೋ ಅನ್ನುವಷ್ಟು ಕುಸಿದಿತ್ತು. ಜೊತೆಗೆ ಬಂದವರು ಬಸವನಗುಡಿಯ ಒಬ್ಬ ಅಮ್ಮ, ಎಪ್ಪತ್ತು ದಾಟಿದವರು. "ನೋಡಪ್ಪಾ, ನಮ್ಮ ಯಜಮಾನ್ರು ಇದ್ದಾಗ ಕೀ ತಿರುಗಿಸಿದ್ರೆ ತಾನೇ ಎದ್ದು ನಿಲ್ತಿತ್ತು. ಈಗ ಮಲಗೇ ಬಿಟ್ಟಿದೆ" ಅಂದರು.

ನಾನು ಈ ಕೆಲಸಕ್ಕೆ ಇಳಿದು 24 ವರ್ಷ ಆಯಿತು. ಹಳೇ ಗಾಡಿಗಳೇ ಜಾಸ್ತಿ ಬರುತ್ತವೆ. ಆದರೂ ಈ ಗಾಡಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ಬೇರೆ ಯಾರೂ ಅದನ್ನೇ ಮಾಡಬಾರದು ಅಂತ ಬರೆಯುತ್ತಿದ್ದೇನೆ.

ಮೊದಲು ಈ ಗಾಡಿಯ ವಿಷಯ ಸ್ವಲ್ಪ. 1955ರಲ್ಲಿ ಪ್ಯಾರಿಸ್‌ನಲ್ಲಿ ಡಿಎಸ್ ಮೊದಲ ಸಲ ಜನರ ಮುಂದೆ ಬಂತು. ಇದಕ್ಕೆ ಸ್ಪ್ರಿಂಗೂ ಇಲ್ಲ, ಪಟ್ಟಿಯೂ ಇಲ್ಲ. ಒಂದೊಂದು ಚಕ್ರಕ್ಕೆ ತೆಂಗಿನಕಾಯಿ ಗಾತ್ರದ ಒಂದು ಕಬ್ಬಿಣದ ಗುಂಡು. ಒಳಗೆ ಒಂದು ರಬ್ಬರ್ ಪರದೆ. ಅದರ ಒಂದು ಕಡೆ ನೈಟ್ರೋಜನ್, ಇನ್ನೊಂದು ಕಡೆ ಆಯಿಲ್. ಗುಂಡಿ ಬಂದಾಗ ಚಕ್ರ ಆಯಿಲನ್ನು ತಳ್ಳುತ್ತದೆ, ಆಯಿಲ್ ಗ್ಯಾಸನ್ನು ಒತ್ತುತ್ತದೆ. ಅಷ್ಟೇ. ಎಂಜಿನ್‌ನಿಂದ ಓಡುವ ಪಂಪ್ ಈ ಆಯಿಲನ್ನು ಸುಮಾರು 170 ಬಾರ್‌ವರೆಗೆ ಒತ್ತಿ ಇಡುತ್ತದೆ. ನಮ್ಮ ಕಾರಿನ ಟೈರಿನಲ್ಲಿ ಇರುವುದು 2 ಬಾರ್ ಚಿಲ್ಲರೆ, ಹೋಲಿಸಿ ನೋಡಿ. ಮುಖ್ಯವಾದ ಮಾತು ಇದು: ಅದೇ ಆಯಿಲ್ ಬ್ರೇಕಿಗೂ ಹೋಗುತ್ತದೆ, ಪವರ್ ಸ್ಟೀರಿಂಗಿಗೂ ಹೋಗುತ್ತದೆ. ಎಲ್ಲಕ್ಕೂ ಒಂದೇ ಡಬ್ಬಿ.

ಎಡವಟ್ಟು ಆಗುವುದು ಇಲ್ಲೇ. ಬ್ರೇಕಿಗೆ ಹೋಗುವ ಡಬ್ಬಿ ಅಂದಮೇಲೆ ಬ್ರೇಕ್ ಆಯಿಲ್ ತಾನೇ ಹಾಕಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಅಮ್ಮ ನಮಗೆ ತೋರಿಸುವ ಮುಂಚೆ ಗಾಡಿಯನ್ನು ಬೇರೆ ಒಂದು ಕಡೆ ಬಿಟ್ಟಿದ್ದರಂತೆ. "ಆಯಿಲ್ ಕಮ್ಮಿ ಇದೆ ಅಂತ ತುಂಬಿಸಿ ಕೊಟ್ಟರು" ಅಂದರು. ಏನು ತುಂಬಿಸಿದರು ಅಂತ ಅವರಿಗೆ ಗೊತ್ತಿರಲಿಲ್ಲ.

ನಾನು ಡಬ್ಬಿ ತೆಗೆದು ನೋಡಿದೆ. ಹಸಿರು. ಈ ಗಾಡಿಗೆ ಬೇಕಾದ್ದು ಎಲ್‌ಎಚ್‌ಎಂ ಅನ್ನುವ ಹಸಿರು ಮಿನರಲ್ ಆಯಿಲೇ. ಪಂಪು, ಗುಂಡುಗಳಿಗೂ ಹಸಿರು ಬಣ್ಣವೇ ಬಳಿದಿತ್ತು. ಆದರೂ ಖಾತ್ರಿ ಮಾಡಿಕೊಳ್ಳೋಣ ಅಂತ ಸ್ಕ್ರೂಡ್ರೈವರ್ ತುದಿಯಲ್ಲಿ ಒಂದು ಹನಿ ಎತ್ತಿ ನೀರಿನ ಲೋಟಕ್ಕೆ ಬಿಟ್ಟೆ. ಸಾರಿನ ಮೇಲಿನ ಎಣ್ಣೆಯ ಹಾಗೆ ದುಂಡಗೆ ತೇಲಿತು. ಮಿನರಲ್ ಆಯಿಲ್ ನೀರಲ್ಲಿ ಬೆರೆಯುವುದಿಲ್ಲ, ಸಾಮಾನ್ಯ ಬ್ರೇಕ್ ಆಯಿಲ್ ಬೆರೆಯುತ್ತದೆ. ಸರಿ, ಒಳಗಿರುವುದು ಸರಿಯಾದ ಆಯಿಲೇ ಅಂದುಕೊಂಡು "ಸ್ಟಾರ್ಟ್ ಮಾಡು" ಅಂತ ಹುಡುಗನಿಗೆ ಹೇಳಿದೆ.

ಗಾಡಿ ಅರ್ಧ ಎದ್ದಿತು. ಎಡಗಡೆ ಹಿಂದೆ ಮೇಲೆ ಬರಲೇ ಇಲ್ಲ. ಸ್ಟೀರಿಂಗ್ ಕಲ್ಲಿನ ಹಾಗೆ ಗಟ್ಟಿ. ಪ್ರೆಷರ್ ಹದದಲ್ಲಿಡುವ ರೆಗ್ಯುಲೇಟರ್ ಟಿಕ್ ಟಿಕ್ ಅಂತ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು, ಅಂದರೆ ಎಲ್ಲೋ ಒಳಗೊಳಗೇ ಪ್ರೆಷರ್ ಸೋರುತ್ತಿದೆ. ಐದು ನಿಮಿಷ ನೋಡಿ ಆಫ್ ಮಾಡಿಸಿದೆ.

ಮಾರನೇ ದಿನ ಬೆಳಿಗ್ಗೆ ನಮ್ಮ ಹುಡುಗ ಒಂದು ದೊಡ್ಡ ಸಿರಿಂಜಿಗೆ ತೆಳುವಾದ ಪೈಪು ಸಿಕ್ಕಿಸಿ ಡಬ್ಬಿಯ ತಳದವರೆಗೂ ಇಳಿಸಿದ. ಎಳೆದ. "ಅಣ್ಣಾ, ಇಲ್ಲಿ ನೋಡಿ" ಅಂದ. ಸಿರಿಂಜಿನಲ್ಲಿ ಕೆಳಗಡೆ ತಿಳಿ ಹಳದಿ, ಮೇಲೆ ಹಸಿರು. ಎರಡರ ನಡುವೆ ಗೆರೆ ಎಳೆದ ಹಾಗೆ ಬೇರೆ ಬೇರೆ. ಆ ಹಳದಿಯನ್ನು ಲೋಟಕ್ಕೆ ಬಿಟ್ಟಾಗ ಸಕ್ಕರೆ ಪಾಕದ ಹಾಗೆ ಎಳೆ ಎಳೆಯಾಗಿ ಇಳಿದು ನೀರಿನಲ್ಲಿ ಕರಗಿಹೋಯಿತು. ಬ್ರೇಕ್ ಆಯಿಲ್.

ನನಗೆ ಇದು ಹೊಳೆಯಬೇಕಿತ್ತು. ಬ್ರೇಕ್ ಆಯಿಲ್ ನೀರಿಗಿಂತ ಭಾರ, ಮಿನರಲ್ ಆಯಿಲ್ ನೀರಿಗಿಂತ ಹಗುರ. ಎರಡೂ ಒಂದೇ ಡಬ್ಬಿಯಲ್ಲಿದ್ದರೆ ಬ್ರೇಕ್ ಆಯಿಲ್ ತಳ ಸೇರುತ್ತದೆ. ಪಂಪ್ ಎಳೆದುಕೊಳ್ಳುವುದೂ ತಳದ ಕಡೆಯಿಂದಲೇ. ನಾನು ಪರೀಕ್ಷೆ ಮಾಡಿದ್ದು ಮೇಲಿನದನ್ನು, ಗಾಡಿ ಕುಡಿದದ್ದು ಕೆಳಗಿನದನ್ನು. ಆ ಐದು ನಿಮಿಷ ಓಡಿಸಿ, ಡಬ್ಬಿಯಲ್ಲಿದ್ದ ಬ್ರೇಕ್ ಆಯಿಲನ್ನು ಮೂಲೆ ಮೂಲೆಗೂ ಕಳಿಸಿದವನು ನಾನೇ. ಅಮ್ಮನಿಗೆ ಫೋನ್ ಮಾಡಿ ಇದನ್ನು ಹಾಗೇ ಹೇಳಿದೆ. ಆ ಭಾಗದ ಕೂಲಿ ತೆಗೆದುಕೊಳ್ಳಲಿಲ್ಲ.

ಆಯಿಲ್ ಬದಲಾದರೆ ಅಷ್ಟೇನು ಆಗುತ್ತೆ ಅಂತ ಕೇಳಬಹುದು. ಆಗುವುದು ರಬ್ಬರಿಗೆ. ಬ್ರೇಕ್ ಆಯಿಲ್ ಹಾಕುವ ಗಾಡಿಗಳ ಸೀಲು ಸಾಮಾನ್ಯವಾಗಿ ಇಪಿಡಿಎಂ ರಬ್ಬರ್. ಮಿನರಲ್ ಆಯಿಲ್ ಗಾಡಿಗಳದ್ದು ನೈಟ್ರೈಲ್. ಒಂದಕ್ಕೆ ಒಗ್ಗುವುದು ಇನ್ನೊಂದಕ್ಕೆ ವಿಷ. ನಮ್ಮ ಶೆಲ್ಫಿನ ಮೇಲೆ ಈಗ ಎರಡು ಉಪ್ಪಿನಕಾಯಿ ಬಾಟಲಿ ಇಟ್ಟಿದ್ದೇನೆ. ಒಂದರಲ್ಲಿ ಹಸಿರು ಆಯಿಲಿನಲ್ಲಿ ಇಪಿಡಿಎಂ ಓ-ರಿಂಗ್, ಇನ್ನೊಂದರಲ್ಲಿ ಬ್ರೇಕ್ ಆಯಿಲಿನಲ್ಲಿ ನೈಟ್ರೈಲ್ ಓ-ರಿಂಗ್. ವಾರದ ಮೇಲೆ ತೆಗೆದು ಬೆರಳಲ್ಲಿ ಹಿಡಿದರೆ ಮೊದಲನೆಯದು ನೆನೆಸಿದ ಕಡಲೆಯ ಹಾಗೆ ಊದಿಕೊಂಡಿತ್ತು. ಮೊದಲು ಸರಿಯಾಗಿ ಕೂರುತ್ತಿದ್ದ ತೋಡಿನೊಳಗೆ ಈಗ ಇಳಿಯಲೇ ಇಲ್ಲ. ಎರಡನೆಯದು ಮೆತ್ತಗಾಗಿ, ಉಗುರು ಊರಿದರೆ ಗುರುತು ಬೀಳುತ್ತಿತ್ತು. ಹೊಸದಾಗಿ ಸೇರುವ ಹುಡುಗರಿಗೆ ಮೊದಲ ದಿನವೇ ಇವನ್ನು ಕೈಗೆ ಕೊಡುತ್ತೇನೆ. ಬಾಯಲ್ಲಿ ಹೇಳುವುದಕ್ಕಿಂತ ಅದು ಬೇಗ ತಲೆಗೆ ಹೋಗುತ್ತದೆ.

ಹಾಗಾಗಿ ಯಾವ ಆಯಿಲ್ ಅಂತ ತೀರ್ಮಾನ ಮಾಡುವುದು ಒಳಗಿರುವ ರಬ್ಬರ್. ಬಣ್ಣ ನಂಬಬೇಡಿ. ಹಳೇ ಡಿಎಸ್‌ಗಳಿಗೆ ಎಲ್‌ಎಚ್‌ಎಸ್ ಅಂತ ಕೆಂಪು ಆಯಿಲ್ ಇತ್ತು. ಅದು ಬ್ರೇಕ್ ಆಯಿಲ್ ಜಾತಿಯದು, ಗಾಳಿಯಲ್ಲಿನ ತೇವ ಎಳೆದುಕೊಂಡು ಒಳಗೆ ತುಕ್ಕು ಹಿಡಿಸುತ್ತಿತ್ತು. ಅದಕ್ಕೇ ಕಂಪನಿ 1966ರಲ್ಲಿ ಹಸಿರು ಮಿನರಲ್‌ಗೆ ಬದಲಾಯಿಸಿತು, ಸೀಲುಗಳನ್ನೂ ಬದಲಾಯಿಸಿತು. ಈಗ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಟಿಎಫ್ ಕೂಡ ಕೆಂಪೇ, ಆದರೆ ಅದು ಮಿನರಲ್ ಕಡೆಯದು. ಎರಡೂ ಕೆಂಪು, ಒಂದಕ್ಕೊಂದು ಆಗಿಬರುವುದಿಲ್ಲ. 2001ರಲ್ಲಿ ಬಂದ ಸಿಟ್ರೊಯೆನ್ ಸಿ5 ಕಾರಿಗೆ ಹಾಕುವ ಎಲ್‌ಡಿಎಸ್ ಕಿತ್ತಳೆ ಬಣ್ಣದ್ದು, ಅದನ್ನೂ ಇದಕ್ಕೆ ಬೆರೆಸುವ ಹಾಗಿಲ್ಲ.

ಇದು ಸಿಟ್ರೊಯೆನ್ ಕಥೆ ಮಾತ್ರ ಅಲ್ಲ. 1965ರ ರೋಲ್ಸ್‌ರಾಯ್ಸ್ ಸಿಲ್ವರ್ ಶ್ಯಾಡೋ ಗಾಡಿ ಮಟ್ಟ ಕಾಯ್ದುಕೊಳ್ಳುವ ವ್ಯವಸ್ಥೆಯನ್ನು ಸಿಟ್ರೊಯೆನ್ ಲೈಸೆನ್ಸಿನಲ್ಲೇ ಮಾಡಿದ್ದು. ಆದರೆ ಅದಕ್ಕೆ ಬ್ರೇಕ್ ಆಯಿಲ್ ಜಾತಿಯ ಆರ್‌ಆರ್363. 1980ರ ಸಿಲ್ವರ್ ಸ್ಪಿರಿಟ್‌ಗೆ ಮಿನರಲ್. ಒಂದೇ ಕಂಪನಿ, ಹೆಚ್ಚುಕಡಿಮೆ ಅದೇ ಕೆಲಸ, ಆಯಿಲ್ ಮಾತ್ರ ತದ್ವಿರುದ್ಧ. ಸೈಕಲ್ ಓಡಿಸುವವರಿಗೂ ಇದು ಗೊತ್ತಿರುತ್ತದೆ. ಶಿಮಾನೋ ಡಿಸ್ಕ್ ಬ್ರೇಕಿಗೆ ಮಿನರಲ್ ಆಯಿಲ್ ಬಿಟ್ಟು ಡಾಟ್, ಅಂದರೆ ಸಾಮಾನ್ಯ ಬ್ರೇಕ್ ಆಯಿಲ್, ಹಾಕಿದರೆ ಲಿವರ್ ಕೆಟ್ಟೇ ಹೋಗುತ್ತೆ ಅಲ್ವಾ?

ಜೆ.ಸಿ. ರೋಡಿನಲ್ಲಿ ಎಲ್‌ಎಚ್‌ಎಂ ಕೇಳಿದೆ. ನಾಲ್ಕು ಅಂಗಡಿಯವರೂ ಇಲ್ಲ ಅಂದರು. ಒಬ್ಬರು "ಹೈಡ್ರಾಲಿಕ್ ತಾನೇ ಸಾರ್, 68 ಹಾಕಿ, ಜೆಸಿಬಿಗೆ ಅದನ್ನೇ ಹಾಕ್ತಾರೆ" ಅಂದರು. ಅವರು ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. 68 ಮಿನರಲ್ಲೇ, ರಬ್ಬರಿಗೆ ತಕ್ಷಣ ತೊಂದರೆ ಇಲ್ಲ. ಆದರೆ ಆ 68 ಅನ್ನುವುದು 40 ಡಿಗ್ರಿಯಲ್ಲಿ ಅದರ ಗಟ್ಟಿತನದ ಅಳತೆ. ಎಲ್‌ಎಚ್‌ಎಂ ಅದೇ ಅಳತೆಯಲ್ಲಿ ಸುಮಾರು 18. ಗುಂಡಿನ ಬಾಯಿಯಲ್ಲಿರುವ ಸಣ್ಣ ಸಣ್ಣ ತೂತಿನ ಮೂಲಕ ಆಯಿಲ್ ಓಡಾಡಿದರೇ ಗಾಡಿಗೆ ಮೆತ್ತಗಿನ ನಡಿಗೆ. ಜೇನುತುಪ್ಪದಂಥದ್ದನ್ನು ಅಲ್ಲಿ ತುರುಕಿದರೆ ಡಿಎಸ್ ಯಾಕೆ ಬೇಕು? ಎಟಿಎಫ್ ಬಗ್ಗೆಯೂ ನನ್ನದು ಇದೇ ಮಾತು. ನಡುರಸ್ತೆಯಲ್ಲಿ ನಿಂತಾಗ ಮನೆ ಸೇರೋಕೆ ಸರಿ, ಇಟ್ಟುಕೊಳ್ಳೋಕೆ ಅಲ್ಲ. ಕೊನೆಗೆ ಎಲ್‌ಎಚ್‌ಎಂ ಪ್ಲಸ್ ಆರ್ಡರ್ ಮಾಡಿ ತರಿಸಿದೆ. ಹದಿನೆಂಟು ದಿನ ಕಾದೆವು.

ಆ ಹದಿನೆಂಟು ದಿನದಲ್ಲಿ ಗಾಡಿಯನ್ನು ಬಿಚ್ಚಿದೆವು. ರೆಗ್ಯುಲೇಟರಿನ ಸ್ಕ್ರೂ ಸಡಿಲಿಸಿ ಪ್ರೆಷರ್ ಇಳಿಸದೆ ಒಂದು ನಟ್ಟೂ ಮುಟ್ಟಬಾರದು. ಜ್ಯಾಕಿ ನಂಬಿ ಕೆಳಗೆ ನುಗ್ಗಬಾರದು, ಸ್ಟ್ಯಾಂಡ್ ಕೊಡಲೇಬೇಕು. ಈ ಗಾಡಿ ಇದ್ದಕ್ಕಿದ್ದ ಹಾಗೆ ಕೂರುತ್ತದೆ. ಎಡಗಡೆ ಹಿಂದಿನ ಸಿಲಿಂಡರಿನ ಸೀಲು ಕೈಗೆ ಬಂದಾಗ ಅಂಚೆಲ್ಲ ಮೆತ್ತಗೆ ಜಾರುತ್ತಿತ್ತು, ಹಳೇ ಚಪ್ಪಲಿಯ ಅಟ್ಟೆಯ ಹಾಗೆ. ಪೀಣ್ಯದಲ್ಲಿ ಅಳತೆ ಕೊಟ್ಟು ನೈಟ್ರೈಲ್‌ನಲ್ಲೇ ಹೊಸದು ಮಾಡಿಸಿದೆ. ಪೈಪುಗಳಿಗೆ ಗಾಳಿ ಹೊಡೆದು ಇದ್ದದ್ದನ್ನೆಲ್ಲ ಹೊರಗೆ ತೆಗೆದೆವು. ಡಬ್ಬಿಯ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆದೆವು. ಹೊಸ ಆಯಿಲ್ ಹಾಕಿ, ಎಂಜಿನ್ ಓಡಿಸಿ, ಒಂದು ರಾತ್ರಿ ಬಿಟ್ಟು, ತಳದಿಂದ ಎಳೆದು ನೋಡಿ, ಮತ್ತೆ ಖಾಲಿ ಮಾಡಿ ಇನ್ನೊಂದು ಸಲ ತುಂಬಿಸಿದೆವು. ದುಬಾರಿ ಆಯಿಲ್ ಹೀಗೆ ಚೆಲ್ಲೋಕೆ ಹೊಟ್ಟೆ ಉರಿಯುತ್ತೆ. ಬೇರೆ ದಾರಿ ಇಲ್ಲ.

ಮಟ್ಟ ನೋಡುವುದಕ್ಕೂ ಒಂದು ಕ್ರಮ ಇದೆ. ಎಂಜಿನ್ ಓಡುತ್ತಿರಬೇಕು, ಗಾಡಿಯನ್ನು ಎತ್ತರ ಬದಲಿಸುವ ಲಿವರಿನಿಂದ ಪೂರ್ತಿ ಮೇಲಕ್ಕೆ ಎತ್ತಿರಬೇಕು. ಕೂತ ಗಾಡಿಯಲ್ಲಿ ಆಯಿಲೆಲ್ಲ ಡಬ್ಬಿಗೆ ವಾಪಸ್ ಬಂದಿರುತ್ತದೆ, ಮಟ್ಟ ಸುಳ್ಳು ಹೇಳುತ್ತದೆ.

ಅಮ್ಮ ಬಂದ ದಿನ ಮಳೆ ಬಿಟ್ಟಿತ್ತು. ಕೀ ಅವರ ಕೈಗೇ ಕೊಟ್ಟೆ. ಗಾಡಿ ನಿಧಾನಕ್ಕೆ, ಮೊಣಕಾಲ ಮೇಲೆ ಕೈ ಊರಿ ಏಳುವ ಹಾಗೆ, ಎದ್ದು ನಿಂತಿತು. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಬಾನೆಟ್ ತೆಗೆಸಿ, "ಇಲ್ಲಿ ಒಂದು ಚೀಟಿ ಕಟ್ಟಪ್ಪಾ, ಕನ್ನಡದಲ್ಲೇ ಬರಿ. ನಾನಿಲ್ಲದಾಗ ಡ್ರೈವರ್ ಓದಬೇಕಲ್ಲ" ಅಂದರು. ತಗಡಿನ ತುಂಡಿಗೆ ಪೇಂಟಿನಲ್ಲಿ ಬರೆದು ಡಬ್ಬಿಯ ಕತ್ತಿಗೆ ತಂತಿಯಲ್ಲಿ ಕಟ್ಟಿದೆ: "ಹಸಿರು ಎಲ್‌ಎಚ್‌ಎಂ ಮಾತ್ರ. ಬ್ರೇಕ್ ಆಯಿಲ್ ಹಾಕಬೇಡಿ."

ಮೂರು ತಿಂಗಳಾದ ಮೇಲೆ ಅವರ ಮನೆಗೇ ಹೋಗಿ ಸಿರಿಂಜ್ ಇಳಿಸಿದೆ. ತಳದಲ್ಲಿ ಇನ್ನೂ ಎರಡು ಹನಿ ಹಳದಿ ಬಂತು. ಯಾವುದೋ ಸಂದಿಯಲ್ಲಿ ಉಳಿದದ್ದು. ಇನ್ನೊಂದು ಸಲ ಖಾಲಿ ಮಾಡಬೇಕು, ಆಯಿಲ್ ಆರ್ಡರ್ ಮಾಡಿದ್ದೇನೆ.