ನಿಂತ ಪಂಪಿಗೆ ಸ್ಪ್ಯಾನರ್ ಹಾಕುವ ಮುನ್ನ

ಜನವರಿಯಲ್ಲಿ ಕೊಡಗಿನ ಸಿದ್ದಾಪುರದ ಕಡೆ ರೊಬಸ್ಟಾ ಕಾಫಿ ಕೊಯ್ಲು ಜೋರಾದರೆ ನಮ್ಮಂಥ ಫಿಟ್ಟರ್‌ಗಳಿಗೆ ಬಿಡುವೇ ಇರುವುದಿಲ್ಲ. ಕೊಯ್ದ ಹಣ್ಣು ಅವತ್ತೇ ಪಲ್ಪ್ ಆಗಬೇಕು, ಅಂದರೆ ಯಂತ್ರದಲ್ಲಿ ಸಿಪ್ಪೆ ಸುಲಿಯಬೇಕು. ಸಂಜೆ ಆ ಯಂತ್ರ, ಪಲ್ಪರ್, ನಿಂತರೆ ತೋಟದ ಲೆಕ್ಕ ನೋಡುವ ರೈಟರ್ ಫೋನ್ ಮಾಡುವುದು ನಮಗೇ.

ಅವತ್ತು ಒಂದು ತೋಟಕ್ಕೆ ಹೋಗಿದ್ದು ಪಲ್ಪರ್ ಬೇರಿಂಗ್ ಬದಲಿಸಲು. ಪಕ್ಕದಲ್ಲೇ ಪಲ್ಪರ್ ನೀರಿನ ಗುಂಡಿ. ಸಿಪ್ಪೆ, ಲೋಳೆ ಸೇರಿ ಆ ನೀರು ಮಂದವಾಗಿರುತ್ತದೆ, ಬೇಗ ಹುಳಿಯಾಗುತ್ತದೆ. ಹಾಗೇ ತೋಡಿಗೆ, ಅಂದರೆ ಹಳ್ಳಕ್ಕೆ, ಬಿಡುವ ಹಾಗಿಲ್ಲ. ನಮ್ಮ ತೋಡುಗಳೆಲ್ಲ ಕೊನೆಗೆ ಹೋಗಿ ಸೇರುವುದು ಕಾವೇರಿಗೇ ಅಲ್ವಾ. ಅದಕ್ಕೆ ಆ ತೋಟದಲ್ಲಿ ನೀರನ್ನು ದಿಬ್ಬದ ಮೇಲಿನ ಟ್ಯಾಂಕಿಗೆ ಎತ್ತಿ, ಸುಣ್ಣ ಕಲಸಿ ಹುಳಿ ಇಳಿಸುತ್ತಾರೆ. ಎತ್ತಲು ಇಟ್ಟಿರುವುದು ಗಾಳಿಯಲ್ಲಿ ಓಡುವ ಡಯಾಫ್ರಂ ಪಂಪು.

ಈ ಪಂಪು ನನಗೆ ಬಹಳ ಇಷ್ಟ. ಒಳಗೆ ಮೋಟಾರಿಲ್ಲ. ಎರಡು ಕಡೆ ಎರಡು ರಬ್ಬರ್ ಡಯಾಫ್ರಂ, ಅಂದರೆ ಹಿಂದೆ ಮುಂದೆ ಬಾಗುವ ಪರದೆ, ಎರಡಕ್ಕೂ ನಡುವೆ ಒಂದು ಶಾಫ್ಟ್, ಜೊತೆಗೆ ನೀರು ಹಿಂದಕ್ಕೆ ಬರದಂತೆ ತಡೆಯುವ ನಾಲ್ಕು ಬಾಲ್. ಕಂಪ್ರೆಸರ್ ಗಾಳಿ ಒಂದು ಡಯಾಫ್ರಂ ಅನ್ನು ತಳ್ಳಿದರೆ ಆ ಕಡೆಯ ನೀರು ಹೊರಗೆ ಹೋಗುತ್ತದೆ, ಅದೇ ಹೊತ್ತಿಗೆ ಇನ್ನೊಂದು ಕಡೆ ನೀರು ಎಳೆದುಕೊಳ್ಳುತ್ತದೆ. ಆಮೇಲೆ ಗಾಳಿ ಆ ಕಡೆ ತಿರುಗುತ್ತದೆ. ಟಕ್ ಟಕ್ ಅಂತ ಅದೇ ಕೆಲಸ. ಮಂದ ನೀರನ್ನೂ ಎಳೆಯುತ್ತದೆ. ಗುಂಡಿ ಖಾಲಿಯಾಗಿ ಸ್ವಲ್ಪ ಹೊತ್ತು ಒಣಗಿ ಓಡಿದರೂ ಸುಟ್ಟುಹೋಗುವುದಿಲ್ಲ.

ನಾನು ಬೇರಿಂಗ್ ಕೂರಿಸುತ್ತಿದ್ದಾಗ ಆ ಟಕ್ ಟಕ್ ನಿಂತಿತು. ಪಂಪು ನೋಡಿಕೊಳ್ಳುವ ಹುಡುಗ ಗಾಳಿ ವಾಲ್ವ್ ತಿರುಗಿಸಿದ, ಸ್ಪ್ಯಾನರ್ ತಂದು ಪಂಪಿನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಏನೋ ಮಾಡ್ತಿದ್ದೀಯ?" ಅಂದೆ.

"ಬಾಲ್‌ಗೆ ಸಿಪ್ಪೆ ಸಿಕ್ಕಿಕೊಂಡಿದೆ ಅಣ್ಣ. ಕ್ಲ್ಯಾಂಪ್ ಬಿಚ್ಚಿ ತೊಳೆದುಬಿಡ್ತೀನಿ. ಗಾಳಿ ಬಂದ್ ಮಾಡಿದ್ದೀನಿ."

"ಕೈ ತೆಗಿ. ಎದ್ದು ಈ ಕಡೆ ಬಾ."

ನನ್ನ ದನಿ ಜೋರಾಗಿಯೇ ಇತ್ತು. ಅವನು ಸ್ಪ್ಯಾನರ್ ಬಿಟ್ಟು ಎದ್ದ. ಗಾಳಿ ಬಂದ್ ಮಾಡಿದ್ದು ನಿಜ. ಆದರೆ ಅಲ್ಲಿದ್ದದ್ದು ಸಾದಾ ಬಾಲ್ ವಾಲ್ವ್. ಕಂಪ್ರೆಸರ್ ಕಡೆಯಿಂದ ಬರುವ ಗಾಳಿಯನ್ನು ಅದು ತಡೆಯುತ್ತದೆ ಅಷ್ಟೇ. ವಾಲ್ವಿನಿಂದ ಪಂಪಿನವರೆಗೆ ಆಗಲೇ ತುಂಬಿದ ಗಾಳಿ ಎಲ್ಲಿಗೂ ಹೋಗುವುದಿಲ್ಲ. ಪಂಪಿನ ಹತ್ತಿರದ ಗೇಜ್ ಇನ್ನೂ 5 ಬಾರ್ ತೋರಿಸುತ್ತಿತ್ತು. ಅಂದರೆ 70 ಪಿಎಸ್‌ಐ ಮೇಲೆ, ಕಾರಿನ ಟಯರಿಗೆ ಹಾಕುವುದರ ಎರಡರಷ್ಟು. ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು 5 ಕೆಜಿ ಒತ್ತಡ.

ಬರೀ ಗಾಳಿಯಾಗಿದ್ದರೆ ಒಂದು ಮಾತು. ಈ ಪಂಪಿನಲ್ಲಿ ಗಾಳಿಗೆ ಎಷ್ಟು ಒತ್ತಡವೋ ನೀರಿಗೂ ಅಷ್ಟೇ ಒತ್ತಡ. ಅವನು ಬಿಚ್ಚಲು ಹೊರಟಿದ್ದ ಕ್ಲ್ಯಾಂಪಿನ ಹಿಂದೆ ಆ ಹುಳಿ ನೀರು 5 ಬಾರ್‌ನಲ್ಲಿ ಕಾಯುತ್ತಿತ್ತು. ಕ್ಲ್ಯಾಂಪ್ ಇದ್ದದ್ದು ಸರಿಯಾಗಿ ಅವನ ಮುಖದ ಎದುರಿಗೆ. ಕಣ್ಣಿಗೆ ಸೇಫ್ಟಿ ಕನ್ನಡಕವೂ ಇರಲಿಲ್ಲ.

ಮೇಲೆ ಯಾರಿದ್ದಾರೆ ಅಂತ ಕೇಳಿದೆ. ಸುಣ್ಣ ಕಲಸುವವರು ಇದ್ದರು. ಕೂಗಿ ಕೇಳಿದರೆ, ಟ್ಯಾಂಕ್ ತುಂಬಿತು ಅಂತ ಮೇಲಿನ ವಾಲ್ವ್ ಬಂದ್ ಮಾಡಿದ್ದಾರೆ! ಬಾಲ್‌ಗೆ ಸಿಪ್ಪೆಯೂ ಸಿಕ್ಕಿರಲಿಲ್ಲ, ಪಂಪು ಕೆಟ್ಟೂ ಇರಲಿಲ್ಲ. ಹೊರಗೆ ಹೋಗುವ ದಾರಿ ಮುಚ್ಚಿದರೆ ಈ ಪಂಪು ಗಾಳಿ, ನೀರು ಎರಡರ ಒತ್ತಡ ಸಮ ಮಾಡಿಕೊಂಡು ಸುಮ್ನೆ ನಿಲ್ಲುತ್ತದೆ. ಮತ್ತೆ ದಾರಿ ತೆರೆದರೆ ಓಡುತ್ತದೆ. ಈ ಒಳ್ಳೆಯ ಗುಣವೇ ಗೊತ್ತಿಲ್ಲದವರಿಗೆ ಅಪಾಯ ತರುತ್ತದೆ. ಕರೆಂಟ್ ಪಂಪಿನ ಜೊತೆ ಬೆಳೆದವರು ಸದ್ದು ನಿಂತಿತು ಅಂದರೆ ಪಂಪು ಸತ್ತಿದೆ ಅಂದುಕೊಳ್ಳುತ್ತಾರೆ. ಇದು ಸದ್ದಿಲ್ಲದೆ ಇರುವಾಗಲೇ ಒಳಗೆ ಪೂರ್ತಿ ಒತ್ತಡ ಇರಬಹುದು.

ಮೇಲಿನ ವಾಲ್ವ್ ತೆಗೆಸಿದೆ. ಗಾಳಿ ಬಂದ್ ಇದ್ದರೂ ಪಂಪು ಟಕ್ ಟಕ್ ಅಂತ ಕೆಲವು ಸಲ ಹೊಡೆದು, ನಿಧಾನವಾಗಿ, ಬುಸ್ಸೆಂದು ನಿಂತಿತು. ಗೇಜಿನ ಮುಳ್ಳು ಸೊನ್ನೆಗೆ ಬಂತು. ಹುಡುಗ ಆ ಮುಳ್ಳನ್ನೇ ನೋಡುತ್ತಿದ್ದ. ನಾನು ಹೇಳಿದ್ದಕ್ಕಿಂತ ಅದು ಚೆನ್ನಾಗಿ ಹೇಳಿತು.

"ಈಗ ಬಿಚ್ಚಬಹುದಾ ಅಣ್ಣ?"

ಇನ್ನೂ ಇಲ್ಲ. ಟ್ಯಾಂಕ್ ಇರುವುದು ಸುಮಾರು 30 ಅಡಿ ಮೇಲೆ. ಅಲ್ಲಿವರೆಗೆ ಪೈಪಿನಲ್ಲಿ ನಿಂತ ನೀರಿನ ಭಾರವೇ 1 ಬಾರ್ ಹತ್ತಿರ ಬರುತ್ತದೆ. ಬಾಲ್‌ಗಳು ಅದನ್ನು ತಡೆದು ಹಿಡಿದಿರುತ್ತವೆ. ಕೆಳಗಿನ ಡ್ರೈನ್ ತೆಗೆದು ಅದನ್ನೂ ಗುಂಡಿಗೆ ಇಳಿಸಬೇಕು. ಗಾಳಿ ಬಂದ್, ಉಳಿದ ಗಾಳಿ ಖಾಲಿ, ಆಮೇಲೆ ನೀರು ಖಾಲಿ, ಗೇಜ್ ನೋಡಿ, ಕನ್ನಡಕ ಹಾಕಿ, ಆಮೇಲೆ ಸ್ಪ್ಯಾನರ್. ಪಂಪು ಕೆಟ್ಟಿರದಿದ್ದರೂ ಕಲಿಯಲಿ ಅಂತ ಅವನ ಕೈಯಲ್ಲೇ ಎಲ್ಲ ಮಾಡಿಸಿದೆ.

ಹೇಗೂ ಕೂತಿದ್ದೇವೆ ಅಂತ ಸೈಲೆನ್ಸರ್ ಕೂಡ ತೋರಿಸಿದೆ. ಗಾಳಿ ಹೊರಬರುವ ಈ ಬಾಯಿಯಲ್ಲಿ ಪಲ್ಪರ್ ನೀರು ಕಂಡರೆ ಡಯಾಫ್ರಂ ಹರಿದಿದೆ ಅಂತ ಅರ್ಥ. ಕೂಡಲೇ ನಿಲ್ಲಿಸಬೇಕು. ಅವತ್ತು ಒಣಗಿತ್ತು. ಬೆಳಗಿನ ಚಳಿಯಲ್ಲಿ ಅಲ್ಲಿ ಐಸ್ ಕಟ್ಟುತ್ತದೆ ಅಂತ ಅವನೇ ಹೇಳಿದ. ಕಟ್ಟುತ್ತದೆ, ಒತ್ತಡ ಬಿಟ್ಟ ಗಾಳಿ ಬಹಳ ತಣ್ಣಗಾಗುತ್ತದೆ. ನಮ್ಮ ಕೊಡಗಿನ ಮಂಜಿನ ಗಾಳಿಯಲ್ಲಿ ತೇವ ಬೇರೆ ಜಾಸ್ತಿ. ಅದಕ್ಕೆ ಕಂಪ್ರೆಸರ್ ಟ್ಯಾಂಕಿನ ಅಡಿಯ ತಿರುಪು ಸ್ವಲ್ಪ ಸಡಿಲಿಸಿ ದಿನಾ ನೀರು ಬಿಡಬೇಕು. ಐಸ್ ಕಟ್ಟಿತು ಅಂತ ಸೈಲೆನ್ಸರ್ ಕಿತ್ತು ಓಡಿಸಬಾರದು, ಕಿವಿ ಹಾಳಾಗುತ್ತದೆ.

ಅಷ್ಟರಲ್ಲಿ ತೋಟದ ಸಾಹುಕಾರ್ರು ಬಂದರು. ವಿಷಯ ಕೇಳಿ ಮುಖ ಗಂಭೀರವಾಯಿತು. ಆಮೇಲೆ ಅವರದ್ದೇ ಎರಡು ಪ್ರಶ್ನೆ. ಮಳೆಗೆ ಮುಂಚೆ ಕೊಳೆರೋಗಕ್ಕೆ ಹೊಡೆಯುವ ತುತ್ತ-ಸುಣ್ಣಕ್ಕೆ ಇದೇ ಪಂಪು ಆಗುತ್ತದಾ? ಬ್ಯಾರಲ್‌ನಿಂದ ಪೆಟ್ರೋಲ್ ತೆಗೆಯಲು?

ತುತ್ತಕ್ಕೆ ಆಗುತ್ತದೆ ಅಂದೆ, ಏಕೆಂದರೆ ಇದರ ಬಾಡಿ ಪ್ಲಾಸ್ಟಿಕ್. ಅಲ್ಯೂಮಿನಿಯಂ ಬಾಡಿಯಾದರೆ ತುತ್ತದ ನೀರು ತಿಂದುಹಾಕುತ್ತದೆ. ಆದರೆ ಕೆಲಸ ಮುಗಿದ ಮೇಲೆ ಒಳ್ಳೆಯ ನೀರು ಓಡಿಸಿ ತೊಳೆಯಬೇಕು, ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಬೇಕು. ಪ್ಲಾಸ್ಟಿಕ್ ಬಾಡಿಯಲ್ಲಿ ಅವು ಸಡಿಲವಾಗುವುದು ಸಾಮಾನ್ಯ.

ಪೆಟ್ರೋಲ್‌ಗೆ ಬೇಡವೇ ಬೇಡ ಅಂದೆ. "ಕರೆಂಟೇ ಇಲ್ವಲ್ಲ, ಕಿಡಿ ಎಲ್ಲಿಂದ ಬರುತ್ತೆ?" ಅಂದರು. ಪೆಟ್ರೋಲ್ ಪೈಪಿನಲ್ಲಿ ಹರಿಯುವಾಗಲೇ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತದೆ. ಲೋಹದ ಪಂಪಾದರೆ ಪಂಪು, ಬ್ಯಾರಲ್ ಎರಡಕ್ಕೂ ಅರ್ಥಿಂಗ್ ವೈರ್ ಕೊಟ್ಟು ಅದನ್ನು ನೆಲಕ್ಕೆ ಇಳಿಸಬಹುದು. ಈ ಸಾದಾ ಪ್ಲಾಸ್ಟಿಕ್ ಬಾಡಿಗೆ ವೈರ್ ಕಟ್ಟಿದರೂ ಉಪಯೋಗವಿಲ್ಲ. ಅವರು ಮತ್ತೆ ವಾದಿಸಲಿಲ್ಲ.

ನಾನು ಕೇಳಿದ್ದು ಮೂರು ಸಾಮಾನು. ಬಂದ್ ಮಾಡಿದಾಗ ಪಂಪಿನ ಕಡೆಯ ಗಾಳಿಯನ್ನು ತಾನೇ ಹೊರಬಿಡುವ ತೂತಿನ ವಾಲ್ವ್. ಗಾಳಿ ಹೋಸ್ ಕಳಚಿದರೆ ಚಾಟಿ ಬೀಸಿದ ಹಾಗೆ ಹೊಡೆಯದಂತೆ ಹಿಡಿಯುವ ಸೇಫ್ಟಿ ಕೇಬಲ್. ಎರಡು ಜೊತೆ ಕನ್ನಡಕ. ಮೈಸೂರಿನಿಂದ ತರಿಸಿ ಆ ವಾರವೇ ಹಾಕಿಸಿದರು. ಮೇಲಿನ ವಾಲ್ವ್ ಮುಟ್ಟುವ ಮೊದಲು ಕೆಳಗೆ ಕೂಗಿ ಹೇಳಬೇಕು ಅಂತ ಸುಣ್ಣದವರಿಗೂ ರೈಟರ್ ಹೇಳಿದರು. ಹಳೆಯ ವಾಲ್ವ್ ಬಿಚ್ಚುವ ದಿನ ನಾನು ಹೋಗುವಷ್ಟರಲ್ಲಿ ಹುಡುಗ ಲೈನ್ ಪೂರ್ತಿ ಖಾಲಿ ಮಾಡಿ, "ಗೇಜ್ ನೋಡಿ ಅಣ್ಣ" ಅಂತ ನನ್ನನ್ನೇ ಕರೆದ.